ಕಶ್ಯಪನನ್ನು ಎಲ್ಲಿ ಬಿಡುವುದು

ಮೇ 12, ಸೋಮವಾರ

ಇವತ್ತು ಮನೆಯವರೆಲ್ಲ ಸೇರಿ ನನಗೊಂದು ಕೆಲಸ ಹಚ್ಚಿದ್ದಾರೆ. ಮೂವತ್ತೊಂದು ವರ್ಷದಿಂದ ಠಾಣೆ ಶಹರದ ವರ್ತಕ ನಗರದ ಈ ಹೋಟೆಲಿನ ಗಲ್ಲಾದಲ್ಲಿ ಕೂತು ಎಲ್ಲರಿಗೂ ಕೆಲಸ ಹೇಳಿದವನು ನಾನು. ಈಗ ನನಗೇ ಹೇಳುವವರು ಹುಟ್ಟಿಕೊಂಡಿದ್ದಾರೆ.

ವಿಷಯ ಇಷ್ಟು. ಸೊಸೆ ಪ್ರಿಯಂವದಾಳಿಗೆ ಘಣಸೋಲಿಯಲ್ಲಿ ಔಷಧ ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿದೆ. ಮೊಮ್ಮಗ ಕಶ್ಯಪ ಹುಟ್ಟಿದಾಗ ಇದ್ದ ಕೆಲಸ ಬಿಟ್ಟವಳು ಅವಳು. ಈಗ ಒಂಬತ್ತು ಕಡೆ ಇಂಟರ್‌ವ್ಯೂ ಕೊಟ್ಟು ಹತ್ತನೆಯದರಲ್ಲಿ ಗೆದ್ದಿದ್ದಾಳೆ. ಜೂನ್ 16ಕ್ಕೆ ಹಾಜರಾಗಬೇಕು, ಆಗದಿದ್ದರೆ ಪಟ್ಟಿಯಲ್ಲಿ ಅವಳ ನಂತರ ಇರುವವರನ್ನು ಕರೆಯುತ್ತಾರಂತೆ. ಮಗುವನ್ನು ನನ್ನ ಹೆಂಡತಿ ಸುಗುಣಾ ನೋಡಿಕೊಳ್ಳುವುದೆಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಏಪ್ರಿಲಿನಲ್ಲಿ ಅವಳ ಮೊಣಕಾಲಿನ ಆಪರೇಷನ್ ಆಯಿತು. ಕುರ್ಚಿಯಲ್ಲಿ ಕೂರಬಹುದು, ನಿಧಾನಕ್ಕೆ ನಡೆಯಬಹುದು, ಕಶ್ಯಪನ ಹಿಂದೆ ಓಡುವ ಹಾಗಿಲ್ಲ. ಮಗ ಮನೀಶ ಬೆಳಿಗ್ಗೆ ಕಲ್ಯಾಣದ ಬ್ಯಾಂಕಿಗೆ ಹೋದರೆ ಬರುವಾಗ ಎಂಟೂವರೆ. ಹಾಗಾಗಿ ಹಗಲು ಹೊತ್ತು ಮಗುವನ್ನು ಬಿಡಲು ಒಂದು ಒಳ್ಳೆಯ ಪಾಳಣಾಘರ ಬೇಕು. ಹುಡುಕುವವನು ನಾನು. ಯಾಕೆಂದರೆ ಮಧ್ಯಾಹ್ನ ಮೂರರಿಂದ ಐದರವರೆಗೆ ನನಗೆ ಹೋಟೆಲಿನಲ್ಲಿ ನೊಣ ಹೊಡೆಯುವುದೇ ಕೆಲಸ ಎಂದು ಸುಗುಣಾ ಎಲ್ಲರ ಎದುರು ಹೇಳಿದಳು. ನನ್ನ ಹೋಟೆಲಿನಲ್ಲಿ ನೊಣವೇ ಇಲ್ಲ.

ಎರಡು ವರ್ಷ ಮನೆಯಲ್ಲಿದ್ದವಳು ಇನ್ನೆರಡು ವರ್ಷ ಇದ್ದರೆ ಏನು ಹೋಗುತ್ತದೆ ಎಂದು ನನಗೆ ಅನ್ನಿಸಿತು. ಬಾಯಿ ತೆರೆಯುವಷ್ಟರಲ್ಲಿ ಸುಗುಣಾ ನನ್ನ ಮುಖ ನೋಡಿ, "ಅದನ್ನು ಹೇಳ್ಬೇಡಿ" ಎಂದಳು. ಮಾತು ಬದಲಿಸಿದೆ.

"ಅಲ್ಲಿ ಕೇಳಿದ್ರೆ ಮಗುವಿನ ವಯಸ್ಸು ಒಂದೂವರೆ ಅಂತ ಹೇಳ್ತೇನೆ" ಎಂದೆ.

"ಮಾವ, ಮುಂದಿನ ತಿಂಗಳು ಎರಡು ತುಂಬ್ತದೆ" ಎಂದಳು ಪ್ರಿಯಂವದಾ.

ಇಂಥದ್ದೆಲ್ಲ ಮರೆಯಬಾರದೆಂದು ಎಣ್ಣೆಯ ವ್ಯಾಪಾರಿ ಕೊಟ್ಟ ಈ ಡೈರಿಯನ್ನು ಹೊರತೆಗೆದಿದ್ದೇನೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

ಮೇ 14, ಬುಧವಾರ

ಘೋಡಬಂದರ್ ರಸ್ತೆಯ ಕಡೆ ಒಂದು ದೊಡ್ಡ ಪಾಳಣಾಘರಕ್ಕೆ ಹೋಗಿದ್ದೆ. ಗಾಜಿನ ಬಾಗಿಲು, ಗೋಡೆಯ ತುಂಬ ಆನೆ ಜಿರಾಫೆ, ಏಸಿ, ಮೂಲೆ ಮೂಲೆಗೆ ಕ್ಯಾಮೆರಾ. ಆದರೆ ಹೋಟೆಲಿನವನಿಗೆ ಮುಂಬಾಗಿಲು ತೋರಿಸಿ ಪ್ರಯೋಜನವಿಲ್ಲ. ಬೇರೆ ಊರಿನಲ್ಲಿ ಊಟಕ್ಕೆ ಹೋದರೂ ನಾನು ಮೊದಲು ಹಿಂದಿನ ಓಣಿಗೊಂದು ಸುತ್ತು ಹೊಡೆದೇ ಒಳಗೆ ಹೋಗುವವನು. ಅಲ್ಲೂ ನೇರ ಹಿಂಬಾಗಿಲಿಗೆ ಹೋದೆ. ನೆಲ ಒರೆಸುವ ಬಟ್ಟೆ ಅಲ್ಲಿ ನೇತಾಡುತ್ತಿತ್ತು. ಬಗ್ಗಿ ಮೂಸಿ ನೋಡುತ್ತಿದ್ದಾಗ ಸಮವಸ್ತ್ರದ ಹೆಂಗಸೊಬ್ಬಳು ನನ್ನನ್ನು ಕಂಡು ಒಳಗೆ ಓಡಿದಳು.

ಮ್ಯಾನೇಜರ್ ಹೆಂಗಸು ಬೆವರುತ್ತಾ ಬಂದಳು. "ಸರ್, ಲೈಸೆನ್ಸ್ ಸಬ್ ಹೈ ಸರ್, ಆಯಿಯೇ ಸರ್." ನನ್ನನ್ನು ಫುಡ್ ಇನ್ಸ್‌ಪೆಕ್ಟರ್ ಎಂದುಕೊಂಡಿದ್ದಾಳೆ! ಅಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಎಷ್ಟು ಇನ್ಸ್‌ಪೆಕ್ಟರುಗಳಿಗೆ ನಾನು ಚಹಾ ಕುಡಿಸಿದ್ದೇನೋ, ಒಂದು ಚಹಾ ನನಗೂ ವಾಪಸು ಬರಲಿ ಎಂದು ಕುಡಿದೆ.

ಎಲ್ಲವನ್ನೂ ತೋರಿಸಿದಳು. ಕಕ್ಕಸು ಸ್ವಚ್ಛ. ಒರೆಸುವ ಬಟ್ಟೆಗೆ ಫಿನಾಯಿಲ್ ವಾಸನೆ, ಅದೂ ಸರಿ. ಅಡುಗೆಮನೆ ನೋಡಿದೆ, ಮನಸ್ಸು ಕೆಟ್ಟಿತು. ಒಲೆಯ ಮೇಲೆ ಒಮ್ಮೆಯೂ ಹಾಲು ಉಕ್ಕಿದ ಕಲೆ ಇಲ್ಲ. ಒಂದು ಪಾತ್ರೆಯೂ ನೆಗ್ಗಿಲ್ಲ. ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿದೆ. ಹೊರಗಿನಿಂದ ಡಬ್ಬಿಯಲ್ಲಿ ಬರುತ್ತದಂತೆ. ಎಲ್ಲಿಂದ, ಯಾರು ಬೇಯಿಸುತ್ತಾರೆ, ಎಷ್ಟು ಹೊತ್ತಿಗೆ ಬೇಯಿಸಿದ್ದು? ಅವಳಿಗೆ ಗೊತ್ತಿಲ್ಲ. ಏಳುವಾಗ ನಾನು ಮೊಮ್ಮಗನಿಗೆ ಜಾಗ ನೋಡಲು ಬಂದವನು ಎಂದೆ. ಅವಳ ಮುಖ ಒಮ್ಮೆಲೇ ಬದಲಾಯಿತು. "ಅದಕ್ಕೆ ಅಪಾಯಿಂಟ್‌ಮೆಂಟ್ ಬೇಕು" ಎಂದಳು.

ಫೇಲ್.

ಮನೆಯಲ್ಲಿ ಈ ಕಥೆ ಹೇಳಿದಾಗ ಪ್ರಿಯಂವದಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಮದುವೆಯಾಗಿ ಬಂದು ಐದು ವರ್ಷವಾಯಿತು, ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ಇದೇ ಮೊದಲು.

ಮೇ 19, ಸೋಮವಾರ

ಕೆಲಸ ಮುಗಿಯಿತು! ಡೊಂಬಿವಿಲಿಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಸ್ನೇಹಿತ ಭುಜಂಗ ಫೋನ್ ಮಾಡಿ, "ಘಣಸೋಲಿಯಲ್ಲಿ ನಮ್ಮವರೇ ಒಬ್ರು ನಡೆಸ್ತಾರೆ ಮಾರಾಯ, ಜಯಲತಾ ಅಂತ. ಕಣ್ಣು ಮುಚ್ಚಿ ಬಿಡಬಹುದು" ಎಂದಿದ್ದ. ಪ್ರಿಯಂವದಾಳ ಆಫೀಸಿಗೂ ಹತ್ತಿರ. ಇವತ್ತು ಹೋದೆ.

ಬಾಗಿಲಲ್ಲೇ ತುಳುವಿನಲ್ಲಿ ಮಾತು ಶುರುವಾಯಿತು. ಮೂಲ ಎಲ್ಲಿ ಎಂದು ಅವರು ಕೇಳಿದರು, ಕಟಪಾಡಿ ಎಂದೆ. ಕಟಪಾಡಿಯಲ್ಲಿ ಎಲ್ಲಿ ಎಂದರು. ಅಲ್ಲಿಂದ ಬಿಡಿಸುತ್ತಾ ಹೋದರೆ ಜಯಲತಾ ಅವರ ಅತ್ತೆಯ ತವರು ಶಿರ್ವದಲ್ಲಿ ನನ್ನ ಸೋದರತ್ತೆಯ ಮನೆಯ ಪಕ್ಕದ ಮನೆ! ಅವರ ಅಂಗಳದಲ್ಲಿ ನಾನು ಚಿಕ್ಕಂದಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡಿದ್ದೆ. ಪತ್ರೊಡೆ ಕೊಟ್ಟರು. ಎಷ್ಟೋ ದಿನದ ನಂತರ ಅಷ್ಟು ಒಳ್ಳೆಯ ಪತ್ರೊಡೆ ತಿಂದೆ. ಒಂದೂಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಗಟ್ಟಿ ಮಾಡಿ ಬಂದೆ.

ಅದೇ ದಿನ, ಸಂಜೆ

ಪ್ರಿಯಂವದಾ ಕಾಗದ ಪೆನ್ನು ಹಿಡಿದು ಎದುರು ಕೂತಳು.

"ಮಕ್ಕಳು ಎಷ್ಟು ಜನ ಮಾವ?"

ಗೊತ್ತಿಲ್ಲ.

"ನೋಡ್ಕೊಳ್ಳುವವರು ಎಷ್ಟು ಜನ? ಮಲಗಿಸುವುದು ಎಲ್ಲಿ? ಕಿಟಕಿಗೆ ಗ್ರಿಲ್ ಉಂಟಾ? ಜ್ವರ ಬಂದ್ರೆ ಎಂತ ಮಾಡ್ತಾರೆ?"

ನನಗೆ ಗೊತ್ತಿದ್ದದ್ದು ಜಯಲತಾ ಅವರ ಅತ್ತೆಯ ತಂಗಿಯನ್ನು ಮಂಜೇಶ್ವರಕ್ಕೆ ಕೊಟ್ಟ ವಿಷಯ ಮಾತ್ರ.

"ಒಂದು ಮಗುವನ್ನಾದ್ರೂ ನೋಡಿದ್ರಾ?"

ಒಳಗಿನ ಕೋಣೆಯಿಂದ ಟಿವಿಯ ಸದ್ದು ಕೇಳಿದ್ದು ನೆನಪಿದೆ ಎಂದೆ. ಅವಳು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಖಾಲಿ ಕಾಗದ ಮಡಚಿಟ್ಟು ಎದ್ದುಹೋದಳು. ಬೈದಿದ್ದರೆ ವಾಸಿಯಿತ್ತು. ನನಗೆ ಬಹಳ ನಾಚಿಕೆಯಾಗಿದೆ.

ಮೇ 20, ಮಂಗಳವಾರ

ಸಾಂಬಾರಿಗೆ ಉಪ್ಪು ಜಾಸ್ತಿ ಎಂದು ನಮ್ಮ ಅಡುಗೆಯ ಮುಂಡಪ್ಪನಿಗೆ ಬೈದೆ. ಆಮೇಲೆ ರುಚಿ ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು.

ಮೇ 22, ಗುರುವಾರ

ಹೇಳದೆ ಕೇಳದೆ ಮತ್ತೆ ಘಣಸೋಲಿಗೆ ಹೋದೆ. ಜಯಲತಾ ಬಾಗಿಲು ತೆಗೆದವರು, "ಅಯ್ಯೋ ಕಮಲಾಕ್ಷಣ್ಣ, ಒಂದು ಫೋನ್ ಮಾಡಿ ಬರುವುದಲ್ವಾ?" ಎಂದರು. ಫೋನ್ ಮಾಡಿ ಬರಬೇಕಾದ ಅಡುಗೆಮನೆ ಹೇಗಿರುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಒಳಗೆ ನೋಡಬೇಕು ಎಂದೆ.

ಒಂದು ಕೋಣೆಯಲ್ಲಿ ಹತ್ತೊಂಬತ್ತು ಮಕ್ಕಳು. ಎರಡು ಸಲ ಎಣಿಸಿದೆ. ಎಲ್ಲರೂ ಟಿವಿಯ ಎದುರು ಬಾಯಿ ತೆರೆದುಕೊಂಡು ಕೂತಿದ್ದರು. ನೋಡಿಕೊಳ್ಳುವ ಹೆಂಗಸು ಒಬ್ಬಳೇ, ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಒಂದು ಪುಟ್ಟ ಹುಡುಗಿ ಎದ್ದು ಬಂದು ನನ್ನ ಬೆರಳು ಹಿಡಿದು ನಿಂತಿತು. ಅದರ ಫ್ರಾಕ್ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಒದ್ದೆಯೋ, ಯಾರೂ ನೋಡಿರಲಿಲ್ಲ.

"ನಾನೊಬ್ಬಳೇ ಎಷ್ಟು ಅಂತ ನೋಡ್ಲಿ ಅಣ್ಣ" ಎಂದರು ಜಯಲತಾ. ಅವರು ಕೆಟ್ಟವರಲ್ಲ. ಬಂದವರನ್ನು ಬೇಡ ಎನ್ನಲು ಬಾರದೆ ಎಲ್ಲರನ್ನೂ ಒಳಗೆ ಕೂರಿಸಿಕೊಂಡಿದ್ದಾರೆ, ಬಡಿಸಲು ಜನವಿಲ್ಲ. ಹೀಗೆ ಕೆಟ್ಟ ಹೋಟೆಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮುಖಕ್ಕೆ ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಸೊಸೆಯ ಕಂಪನಿಯಲ್ಲೇ ಮಕ್ಕಳಿಗೆ ವ್ಯವಸ್ಥೆ ಮಾಡಿದ್ದಾರಂತೆ ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಪತ್ರೊಡೆ ಕಟ್ಟಿಕೊಟ್ಟರು. ಒದ್ದೆ ಫ್ರಾಕ್ ಬದಲಾಯಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಪ್ರಿಯಂವದಾಳಿಗೆ ಎಲ್ಲವನ್ನೂ ಹೇಳಿದೆ. "ಥ್ಯಾಂಕ್ಸ್ ಮಾವ" ಎಂದಳು. ಪತ್ರೊಡೆಯನ್ನು ಮನೀಶ ತಿಂದ.

ಮೇ 27, ಮಂಗಳವಾರ

ಸೊಕ್ಕು ಎಂದರೆ ಸೊಕ್ಕು.

ನಮಗೆ ಹಾಲು ಹಾಕುವ ಹರಿಶ್ಚಂದ್ರನ ಎರಡೂ ಮಕ್ಕಳು ಮುಕ್ತಾ ಎಂಬ ಮರಾಠಿ ಹೆಂಗಸಿನ ಪಾಳಣಾಘರದಲ್ಲಿ ಬೆಳೆದವರಂತೆ. ನಮ್ಮ ಹೋಟೆಲಿನಿಂದ ಕಾಲು ಗಂಟೆಯ ನಡಿಗೆ, ಹಳೆ ಬಿಲ್ಡಿಂಗಿನಲ್ಲಿ ರಸ್ತೆಗೆ ಸಮನಾದ ಮನೆ. ಎಲ್ಲರೂ ಅವಳನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಹೋಗಿ ಗ್ರಿಲ್ಲಿನ ಬಾಗಿಲು ತಟ್ಟಿದೆ. ಐವತ್ತರ ಹೆಂಗಸು, ನೂಲಿನ ಸೀರೆ, ಕೈಯಲ್ಲಿ ಸೌಟು. ನನ್ನ ಹೋಟೆಲಿನ ಹೆಸರು ಹೇಳಿದೆ. ಈ ವರ್ತಕ ನಗರದಲ್ಲಿ ಆ ಹೆಸರಿಗೆ ತೆರೆಯದ ಬಾಗಿಲಿಲ್ಲ.

"ಹೋಟೆಲ್ ಗೊತ್ತು. ಭಾನುವಾರ ಉಪ್ಪಿಟ್ಟು ನಿಮ್ಮಲ್ಲಿಂದಲೇ ತರಿಸುವುದು" ಎಂದಳು ಮರಾಠಿಯಲ್ಲಿ. "ಆದರೆ ನೀವು ಯಾರೋ ನನಗೆ ಗೊತ್ತಿಲ್ಲ. ಮಗುವಿನ ತಾಯಿಯೋ ತಂದೆಯೋ ಫೋನ್ ಮಾಡಲಿ, ಆಮೇಲೆ ಒಳಗೆ."

ನನ್ನನ್ನು! ಹತ್ತು ನಿಮಿಷ ಬಿಸಿಲಿನಲ್ಲಿ ನಿಲ್ಲಿಸಿದಳು. ಪ್ರಿಯಂವದಾ ಫೋನ್ ಮಾಡಿ, ನನ್ನ ಫೋಟೋ ಕಳಿಸಿದ ಮೇಲೆ ಚಿಲಕ ತೆಗೆದಳು. ಒಳಗೆಂದರೆ ಪೂರ್ತಿ ಒಳಗೂ ಅಲ್ಲ, ಬಾಗಿಲ ಬಳಿ ಒಂದು ಸ್ಟೂಲು. ನಾನು ಕೇಳಬೇಕೆಂದು ಎಂಟು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಅವಳೇ ಶುರುಮಾಡಿದಳು. ಮಗು ನೀರಿಗೆ ಏನೆನ್ನುತ್ತದೆ? ನಿದ್ದೆ ಹೇಗೆ ಮಾಡುತ್ತದೆ? ಯಾವುದಕ್ಕೆ ಹೆದರುತ್ತದೆ? ಅತ್ತರೆ ಯಾವುದರಿಂದ ಸುಮ್ಮನಾಗುತ್ತದೆ? ನನಗೆ ಒಂದೂ ಗೊತ್ತಿರಲಿಲ್ಲ. ವಯಸ್ಸು ಮಾತ್ರ ಸರಿಯಾಗಿ ಹೇಳಿದೆ.

"ಆಜೋಬಾ, ಮಗು ನಿಮ್ಮದೋ, ಪಕ್ಕದ ಮನೆಯದೋ?" ಎಂದಳು.

ಆಜೋಬಾ ಅಂತೆ, ಅಜ್ಜ! ಎದ್ದು ಬಂದೆ. ಒಳಗಿನಿಂದ ತುಪ್ಪ ಹಾಕಿದ ಖಿಚಡಿಯ ಪರಿಮಳ ಬರುತ್ತಿತ್ತು. ಮಕ್ಕಳ ಗದ್ದಲವೋ ಗದ್ದಲ, ಪಾತ್ರೆ ಬೀಳುವ ಸದ್ದು, ಯಾರೋ ಅಳುವುದು, ಯಾರೋ ನಗುವುದು. ಅದೆಲ್ಲ ಇರಲಿ. ಫೇಲ್.

ಮೇ 28, ಬುಧವಾರ

ಕಶ್ಯಪ ನೀರಿಗೆ "ಮಮ್" ಎನ್ನುತ್ತಾನೆ. ಸುಮ್ಮನೆ ಗೊತ್ತಿರಲಿ ಎಂದು ಬರೆದಿಟ್ಟೆ.

ಮೇ 31, ಶನಿವಾರ

ಮೂರು ಗಂಟೆಗೆ ಮನೆಗೆ ಹೋಗಿದ್ದೆ. ಅವನು ನಿದ್ದೆ ಬರುವಾಗ ಪಕ್ಕದಲ್ಲಿರುವವರ ಕಿವಿ ಹಿಡಿದುಕೊಳ್ಳುತ್ತಾನೆ ಎಂದು ಪ್ರಿಯಂವದಾ ಹೇಳಿದ್ದಳು. ನಿಜವೋ ಎಂದು ನೋಡಲು ಪಕ್ಕದಲ್ಲಿ ಮಲಗಿದೆ. ನಿಜ. ನನ್ನ ಎಡಗಿವಿ ಹಿಡಿದು ನಿದ್ದೆ ಹೋದ. ಬಿಡಿಸಿಕೊಂಡರೆ ಎದ್ದುಬಿಡುತ್ತಾನೆಂದು ಐವತ್ತು ನಿಮಿಷ ಹಾಗೆಯೇ ಮಲಗಿದ್ದೆ. ಹೋಟೆಲಿಗೆ ತಡವಾಯಿತು. ಕಿವಿ ಕೆಂಪಾಗಿದೆ ಎಂದು ಮುಂಡಪ್ಪ ಕೇಳಿದ. ಸೊಳ್ಳೆ ಕಚ್ಚಿತು ಎಂದೆ.

ಇನ್ನಷ್ಟು ವಿಷಯ: ಮಿಕ್ಸರ್ ಸದ್ದಿಗೆ ಹೆದರುತ್ತಾನೆ, ಕುಕ್ಕರಿನ ಸೀಟಿಗೆ ಚಪ್ಪಾಳೆ ತಟ್ಟುತ್ತಾನೆ. ಇಡ್ಲಿಯನ್ನು ಅವನೇ ಮುರಿಯಬೇಕು, ನಾವು ಮುರಿದು ಕೊಟ್ಟರೆ ತಿನ್ನುವುದಿಲ್ಲ. ಎಷ್ಟು ಅತ್ತರೂ ಫ್ಯಾನ್ ಹಾಕಿ ಆರಿಸಿದರೆ ಸುಮ್ಮನಾಗುತ್ತಾನೆ. ಇದನ್ನು ನಾನೇ ಕಂಡುಹಿಡಿದದ್ದು, ಅವನ ತಾಯಿಗೂ ಗೊತ್ತಿರಲಿಲ್ಲ.

ಜೂನ್ 3, ಮಂಗಳವಾರ

ಇವತ್ತು ಖಾಲಿ ಹೊತ್ತಿನಲ್ಲಿ ಅವನನ್ನು ಹೋಟೆಲಿಗೆ ಕರೆದುಕೊಂಡು ಬಂದೆ. ಗಲ್ಲಾದ ಮೇಜಿನ ಮೇಲೆ ಕೂರಿಸಿದರೆ ಗಂಟೆ ಒತ್ತಿದ್ದೇ ಒತ್ತಿದ್ದು. ಪ್ರತಿ ಗಂಟೆಗೂ ಒಳಗಿನಿಂದ ಮುಂಡಪ್ಪ "ಆಯ್ತು ಧಣಿ" ಎಂದು ಕೂಗುತ್ತಿದ್ದ, ಇವನು ಬಿದ್ದು ಬಿದ್ದು ನಗುತ್ತಿದ್ದ. ಮುಂಡಪ್ಪ ಬಿಲ್ಲೆಯಷ್ಟು ಪುಟ್ಟ ದೋಸೆಗಳನ್ನು ಹುಯ್ದು ಕೊಟ್ಟ. ಕಶ್ಯಪ ಏಳು ತಿಂದ. ನನ್ನನ್ನು "ಅಜ್ಜ" ಎಂದು ಕರೆದ. ಆಮೇಲೆ ಗೋಡೆ ಗಡಿಯಾರವನ್ನೂ ಅಜ್ಜ ಎಂದ. ನನ್ನನ್ನು ಮೊದಲು ಕರೆದದ್ದು.

ಮನೀಶ ಈ ವಯಸ್ಸಿನಲ್ಲಿ ಹೇಗಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ನಾನು ಬೆಳಗಿನ ಜಾವ ಹೋಟೆಲಿಗೆ ಬರುವಾಗಲೂ ಅವನು ಮಲಗಿರುತ್ತಿದ್ದ, ಮನೆಗೆ ಹೋಗುವಾಗಲೂ ಮಲಗಿರುತ್ತಿದ್ದ. ಯಾರ ಕಿವಿ ಹಿಡಿಯುತ್ತಿದ್ದನೋ.

ಜೂನ್ 6, ಶುಕ್ರವಾರ

ದಿನ ಕಡಿಮೆ ಉಳಿದಿದೆ, ಬೇರೆ ಎಲ್ಲೂ ಸರಿಯಾದ್ದು ಸಿಗಲಿಲ್ಲ ಎಂಬ ಕಾರಣಕ್ಕೆ ಮಾತ್ರ ಪ್ರಿಯಂವದಾಳನ್ನೂ ಕಶ್ಯಪನನ್ನೂ ಕರೆದುಕೊಂಡು ಮುಕ್ತಾ ಮಾವ್ಶಿಯಲ್ಲಿಗೆ ಹೋದೆ. ಅವಳು ಅದೇ ಪ್ರಶ್ನೆಗಳನ್ನು ಕೇಳಿದಳು. ಪ್ರಿಯಂವದಾ ಬಾಯಿ ತೆರೆಯುವ ಮುಂಚೆ ನಾನೇ ಉತ್ತರ ಕೊಟ್ಟೆ. ನೀರಿಗೆ ಮಮ್. ಕಿವಿ, ಎಡಗಿವಿಯಾದರೆ ಬೇಗ. ಮಿಕ್ಸರ್. ಫ್ಯಾನ್. ಮಾವ್ಶಿ ಬರೆದುಕೊಂಡಳು. ಪ್ರಿಯಂವದಾ ನನ್ನನ್ನೇ ನೋಡುತ್ತಿದ್ದಳು, ಯಾಕೋ ಗೊತ್ತಿಲ್ಲ.

ಆಮೇಲೆ ಮಾವ್ಶಿ ಉತ್ತರ ಕೊಡುವ ಸರದಿ. ಹನ್ನೊಂದು ಮಕ್ಕಳು, ನೋಡಿಕೊಳ್ಳಲು ಮಾವ್ಶಿ ಸೇರಿ ಮೂವರು. ಇಬ್ಬರು ಹೆಂಗಸರ ಪೊಲೀಸ್ ಪರಿಶೀಲನೆಯ ಕಾಗದ ತೋರಿಸಿದಳು. ಕರೆಂಟಿನ ಪ್ಲಗ್ಗುಗಳಿಗೆ ಮುಚ್ಚಳ, ಕಿಟಕಿಗೆ ಗ್ರಿಲ್ಲೂ ಜಾಳಿಗೆಯೂ. ಬರೆದು ಕೊಡದೆ ಒಂದು ಹನಿ ಔಷಧವನ್ನೂ ಕುಡಿಸುವುದಿಲ್ಲ. ಕರೆದುಕೊಂಡು ಹೋಗುವವರು ಯಾರು ಎಂದು ಮೊದಲೇ ಫೋಟೋ ಕೊಡಬೇಕು, ಬೇರೆ ಯಾರು ಬಂದರೂ ಮಗು ಇಲ್ಲ. ತಾಯಿ ತಂದೆ ಯಾವಾಗ ಬೇಕಾದರೂ ಬಂದು ನೋಡಬಹುದು. "ಊಟದ ಹೊತ್ತಿಗೇ ಬನ್ನಿ, ಗಲಾಟೆ ಆಗಲೇ ಜಾಸ್ತಿ" ಎಂದು ನಕ್ಕಳು.

ನಾನು ಅಡುಗೆಮನೆಗೆ ಹೊರಟೆ. "ಕೈ ತೊಳೆದು" ಎಂದಳು. ಜನರನ್ನು ಕೈ ತೊಳೆಯಲು ಓಡಿಸಿಯೇ ನನ್ನ ಆಯುಷ್ಯ ಕಳೆದಿದೆ, ನನ್ನನ್ನು ಓಡಿಸಿದವಳು ಇವಳೊಬ್ಬಳು. ತೊಳೆದೆ. ನೆಗ್ಗಿದ ಪಾತ್ರೆಗಳು, ಒಲೆಯ ಮೇಲೆ ಬೆಳಿಗ್ಗೆ ಹಾಲು ಉಕ್ಕಿದ ಗುರುತು, ಒರೆಸುವ ಬಟ್ಟೆ ಬಿಸಿಲಿನಲ್ಲಿ. ಒಂದು ಚಮಚ ಖಿಚಡಿ ಕೇಳಿ ತಿಂದೆ. ಉಪ್ಪು ಕಡಿಮೆ ಎಂದೆ. "ಇದು ಹೋಟೆಲ್ ಅಲ್ಲ ಆಜೋಬಾ" ಎಂದಳು.

ಹೊರಗೆ ಬಂದು ನೋಡಿದರೆ ಕಶ್ಯಪ ದಿಶಾ ಎಂಬ ಹುಡುಗಿಯ ಎದುರು ಕೂತು ಅವಳ ಗೊಂಬೆಗೆ ಚಮಚದಲ್ಲಿ ಗಾಳಿ ತಿನ್ನಿಸುತ್ತಿದ್ದ. ಪ್ರಿಯಂವದಾ ನನ್ನ ಕಡೆ ತಿರುಗಿ, "ಇಲ್ಲೇ ಅಲ್ವಾ ಮಾವ?" ಎಂದಳು. ಇಲ್ಲೇ ಎಂದೆ.

ಪಾಸ್. ಒಳ್ಳೆಯ ಅಂಕದಲ್ಲಿ.

ಜೂನ್ 8, ಭಾನುವಾರ

ಸಂತೋಷ ಎರಡು ದಿನವೂ ಉಳಿಯಲಿಲ್ಲ. ಪಾಳಣಾಘರ ಸಂಜೆ ಆರಕ್ಕೆ ಮುಚ್ಚುತ್ತದೆ. ಪ್ರಿಯಂವದಾಳ ಆಫೀಸು ಬಿಡುವುದೇ ಆರಕ್ಕೆ, ಠಾಣೆಯ ಲೋಕಲ್ ಗಾಡಿ ಹಿಡಿದು ಮನೆ ಮುಟ್ಟುವಾಗ ಏಳೂಕಾಲು. ಇನ್ನೊಂದು ಗಂಟೆ ಇಟ್ಟುಕೊಳ್ಳಿ ಎಂದು ಮಾವ್ಶಿಯನ್ನು ಕೇಳಿದ್ದಾಯಿತು. ತನ್ನ ಹೆಂಗಸರಿಗೂ ಮನೆ ಮಕ್ಕಳಿವೆ ಎಂದಳು. ಸರಿಯೇ.

ಬೆಳಿಗ್ಗೆ ಎಲ್ಲರೂ ಕೂತು ಚರ್ಚೆ. ಮನೀಶನಿಗೆ ಬ್ಯಾಂಕಿನಿಂದ ಬೇಗ ಬರಲು ಆಗುವುದಿಲ್ಲ. ಸುಗುಣಾ ಮಗುವನ್ನು ಎತ್ತಿಕೊಂಡು ಕಾಲು ಗಂಟೆ ನಡೆಯುವಂತಿಲ್ಲ. ಆ ಒಂದು ಗಂಟೆಗೆ ಗುರುತಿಲ್ಲದ ಯಾರನ್ನೋ ಇಡಲು ಯಾರಿಗೂ ಮನಸ್ಸಿಲ್ಲ. ಕೊನೆಗೆ ಪ್ರಿಯಂವದಾ, "ಬಿಡಿ, ನಾನು ಅವರಿಗೆ ಬರ್ಲಿಕ್ಕೆ ಆಗುವುದಿಲ್ಲ ಅಂತ ಹೇಳ್ತೇನೆ. ಮುಂದಿನ ವರ್ಷ ನೋಡುವ" ಎಂದಳು. ನಗುತ್ತಲೇ ಹೇಳಿದಳು. ಆ ನಗು ನನಗೆ ನೋಡಲಾಗಲಿಲ್ಲ.

ಅಷ್ಟು ಹೊತ್ತು ಎಲ್ಲರೂ ಎಲ್ಲರ ಮುಖ ನೋಡಿದರು. ನನ್ನ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ. ಸಂಜೆ ಐದರಿಂದ ಎಂಟು ಹೋಟೆಲಿನ ರಶ್, ಆಗ ನಾನು ಗಲ್ಲಾ ಬಿಟ್ಟು ಏಳುವವನಲ್ಲ ಎಂದು ಊರಿಗೆಲ್ಲ ಗೊತ್ತು. ಮನೆಯವರು ಹೋಟೆಲಿಗೆ ಅಷ್ಟು ಮರ್ಯಾದೆ ಕೊಟ್ಟದ್ದಕ್ಕೆ ನನಗೆ ಹೆಮ್ಮೆಯಾಗಬೇಕಿತ್ತು. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಜೂನ್ 9, ಸೋಮವಾರ

ಬೆಳಿಗ್ಗೆ ಸುಗುಣಾಳಿಗೆ ಹೇಳಿದೆ, "ಸಂಜೆ ಮಗುವನ್ನು ನಾನೇ ತರ್ತೇನೆ."

ಅವಳು ತಲೆ ಬಾಚುತ್ತಿದ್ದವಳು ಬಾಚಣಿಗೆ ಕೆಳಗಿಟ್ಟಳು. "ಮನೀಶ ಹುಟ್ಟಿದ್ದು ಸಂಜೆ ಆರಕ್ಕೆ. ನೀವು ಬಂದದ್ದು ಒಂಬತ್ತಕ್ಕೆ, ರಶ್ ಮುಗಿಸಿ, ಮಸಾಲೆದೋಸೆ ಪಾರ್ಸಲ್ ಹಿಡ್ಕೊಂಡು" ಎಂದಳು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆಡದ ಮಾತು. ನಾನು ತಪ್ಪಾಯಿತು ಎಂದೆ. ಅದೂ ಮೂವತ್ತಮೂರು ವರ್ಷದಲ್ಲಿ ಮೊದಲು.

"ಗಲ್ಲಾದಲ್ಲಿ ಯಾರು ಕೂರುವುದು?" ಎಂದು ಕೇಳಿದೆ.

"ನಾನು. ಕೂತು ಮಾಡುವ ಕೆಲಸ ಅಲ್ವಾ ನಿಮ್ಮದು?"

ತಿಂಡಿಯ ಹೊತ್ತಿಗೆ ಪ್ರಿಯಂವದಾಳಿಗೆ ಹೇಳಿದೆವು. ಅವಳು ಒಲೆಯ ಮುಂದೆ ನಿಂತು ಒಂದೇ ಸಮ ಅಳಲು ಶುರುಮಾಡಿದಳು. ದೋಸೆ ಕರಟುತ್ತದೆ ಎಂದೆ. ಅವಳು ಅಳುತ್ತಲೇ ನಕ್ಕಳು, ದೋಸೆ ಕರಟಿಯೂ ಹೋಯಿತು. ಅದನ್ನು ನಾನೇ ತಿಂದೆ.

ಜೂನ್ 12, ಗುರುವಾರ

ಅಭ್ಯಾಸಕ್ಕೆಂದು ಮೂರು ದಿನದಿಂದ ಕಶ್ಯಪನನ್ನು ಮಾವ್ಶಿಯಲ್ಲಿ ಬಿಡುತ್ತಿದ್ದೇವೆ. ಮೊದಲ ದಿನ ಒಂದು ಗಂಟೆ, ಅಷ್ಟೂ ಹೊತ್ತು ಅತ್ತ. ನಿನ್ನೆ ಎರಡು ಗಂಟೆ, ಅರ್ಧ ಅತ್ತ. ಇವತ್ತು ಇಡ್ಲಿ ಅವನೇ ಮುರಿದು ತಿಂದನಂತೆ. ಸುಗುಣಾ ಗಲ್ಲಾ ಕಲಿಯುತ್ತಿದ್ದಾಳೆ. ಎರಡೇ ದಿನದಲ್ಲಿ ನನ್ನ ಕುರ್ಚಿಗೆ ದಿಂಬು ಬಂದಿದೆ.

ಜೂನ್ 16, ಸೋಮವಾರ

ಸಂಜೆ ಎಂಟು ಗಂಟೆ. ಇಷ್ಟು ಹೊತ್ತಿಗೆ ನಾನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೂವರೂ 'ಮಾವ್ಶಿಯ ಮನೆ'ಗೆ ಹೋದೆವು. ಗ್ರಿಲ್ ತೆರೆದದ್ದೇ ಕಶ್ಯಪ ಅಳಲು ಶುರುಮಾಡಿದ, ಅವನನ್ನು ನೋಡಿ ತಾಯಿಯೂ. "ಹೋಗು ಮಗಾ, ಗಾಡಿ ತಪ್ಪುತ್ತದೆ" ಎಂದು ನಾನು ಗದರಿದೆ. ಅವಳು ಹೋದಳು, ರಿಕ್ಷಾ ಹತ್ತುವ ಮುಂಚೆ ಮೂರು ಸಲ ತಿರುಗಿದಳು. ನಾನು ಗೋಡೆಯ ಮರೆಯಲ್ಲಿ ನಿಂತೆ. ಐದು ನಿಮಿಷಕ್ಕೆ ಅಳು ನಿಂತಿತು. ಮತ್ತೆ ಶುರುವಾದರೆ ಎಂದು ಇನ್ನೂ ಇಪ್ಪತ್ತು ನಿಮಿಷ ನಿಂತು, ಅವಳಿಗೆ ಫೋನ್ ಮಾಡಿದೆ.

"ನೀವಿನ್ನೂ ಅಲ್ಲೇ ಇದ್ದೀರಾ ಮಾವ?" ಎಂದಳು.

ಹೋಟೆಲಿನಲ್ಲಿದ್ದೇನೆ ಎಂದೆ. ಅಷ್ಟರಲ್ಲಿ ಪಕ್ಕದಲ್ಲೇ ಗುಜರಿ ಗಾಡಿಯವನು ಹಳೆ ಪೇಪರಿಗೆ ಕೂಗಿಕೊಂಡು ಹೋದ. ಅವಳು ನಕ್ಕು ಫೋನ್ ಇಟ್ಟಳು.

ಸಂಜೆ ಐದೂವರೆಗೆ ಗಲ್ಲಾ ಬಿಟ್ಟೆ. ಎಲ್ಲ ಮೇಜೂ ತುಂಬಿತ್ತು, ಬಾಗಿಲಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಸುಗುಣಾ ದಿಂಬಿನ ಮೇಲೆ ಕೂತು, "ಹೋಗಿ, ಹೋಗಿ" ಎಂದು ಕೈ ಬೀಸಿದಳು. ಹೋಟೆಲ್ ಮೊದಲ ದಿನ ತೆರೆದಾಗಲೂ ನನಗೆ ಇಷ್ಟು ಗಾಬರಿಯಾಗಿರಲಿಲ್ಲ.

ಒಳಗೆ ಕಶ್ಯಪ ದಿಶಾಳ ಜೊತೆ ಪಾತ್ರೆಗಳನ್ನು ಕವುಚಿ ಬಡಿಯುತ್ತಿದ್ದ. ನನ್ನನ್ನು ಕಂಡು "ಅಜ್ಜ!" ಎಂದ. ನಾನು ಎರಡೂ ಕೈ ಚಾಚಿದೆ. ಅವನು ಪುನಃ ಬಡಿಯಲು ಶುರುಮಾಡಿದ. ಮನೆಗೆ ಹೋಗುವ ಎಂದೆ. "ನಹೀ" ಎಂದ. ಎತ್ತಲು ಹೋದರೆ ನೆಲದ ಮೇಲೆ ಉದ್ದಕ್ಕೆ ಮಲಗಿ ಮಾವ್ಶಿಯ ಸೀರೆ ಹಿಡಿದುಕೊಂಡ. ರಶ್ಶಿನ ಹೊತ್ತಿನಲ್ಲಿ ಹೋಟೆಲ್ ಬಿಟ್ಟು ಬಂದ ಅಜ್ಜನಿಗೆ ಮೊಮ್ಮಗ ಕೊಟ್ಟ ಮರ್ಯಾದೆ ಇದು! ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ನಿಂತು ಪ್ರಿಯಂವದಾಳಿಗೆ ಮೆಸೇಜು ಬರೆದೆ: "ಮಗು ಬರುವುದಿಲ್ಲ ಅಂತ ಹಟ ಮಾಡ್ತಾ ಉಂಟು. ನೀನು ಆರಾಮ ಬಾ."

"ಬಸಾ ಆಜೋಬಾ" ಎಂದು ಮಾವ್ಶಿ ಚಾಪೆ ತೋರಿಸಿದಳು. ಕೂತೆ. ನನಗೂ ಒಂದು ಪಾತ್ರೆ ಕೊಟ್ಟರು. ಆರು ಗಂಟೆಯವರೆಗೆ ಮೂವರೂ ಬಡಿದೆವು.

ಹೊರಡುವಾಗ ಕಶ್ಯಪ ತಾನಾಗಿಯೇ ನನ್ನ ಬೆರಳು ಹಿಡಿದ. ಕಾಲು ಗಂಟೆಯ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ನಾಯಿ, ಎರಡು ಬಸ್ಸು, ಎಳನೀರಿನವನ ಕತ್ತಿ, ಎಲ್ಲವನ್ನೂ ನಿಂತು ನೋಡಬೇಕು. ನಮ್ಮ ಹೋಟೆಲಿನ ಎದುರು ಫುಟ್‌ಪಾತಿಗೆ ಬಂದಾಗ ಒಳಗೆ ಕಿಕ್ಕಿರಿದ ಜನ ಕಾಣಿಸಿದರು. ಸುಗುಣಾ ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದಳು. ರಸ್ತೆ ದಾಟಬೇಕೆಂದು ನನಗೆ ಅನ್ನಿಸಲಿಲ್ಲ. ನಾವಿಬ್ಬರೂ ಮನೆ ಕಡೆ ನಡೆದೆವು.

ಪ್ರಿಯಂವದಾ ಏಳು ಇಪ್ಪತ್ತಕ್ಕೆ ಓಡೋಡುತ್ತಾ ಬಂದಳು. ಚಪ್ಪಲಿ ಬಿಚ್ಚದೆ ಮಗುವನ್ನು ಎತ್ತಿಕೊಂಡು, ತಲೆಯಿಂದ ಕಾಲಿನವರೆಗೆ ನೋಡಿ, ಮೂಸಿದಳು. "ಖಿಚಡಿ ವಾಸನೆ" ಎಂದಳು. ಮಗು ಅವಳ ಕೊರಳಲ್ಲಿದ್ದ ಆಫೀಸಿನ ಗುರುತಿನ ಚೀಟಿಯನ್ನು ಕಚ್ಚುತ್ತಿತ್ತು. ಅವಳ ಮುಖದ ಮೇಲೆ ದಣಿವಿತ್ತು, ಅದರ ಅಡಿಯಲ್ಲಿ ಹೊಳಪಿತ್ತು. ಈ ಹುಡುಗಿ ಎರಡು ವರ್ಷ ಈ ಮುಖವನ್ನು ಎಲ್ಲಿಟ್ಟಿದ್ದಳು? ಮನೆಯಲ್ಲೇ ಇರಲಿ ಎಂದು ಯೋಚಿಸಿದವನು ನಾನೇ.

"ಮಾವ, ನಾಳೆಯೂ ಹೋಗ್ಲಾ?" ಎಂದಳು ಮೆಲ್ಲಗೆ.

"ಅದನ್ನು ನನ್ನತ್ರ ಎಂತಕ್ಕೆ ಕೇಳುವುದು? ಕೆಲಸ ನಿನ್ನದು, ಹೋಗು. ಸಂಜೆ ನನ್ನದು."

ಜೂನ್ 17, ಮಂಗಳವಾರ

ಇವತ್ತು ಐದು ಗಂಟೆಗೇ ಹೊರಟೆ. ಹೋಟೆಲಿನಲ್ಲಿ ಅಂಥ ರಶ್ಶೇನೂ ಇರಲಿಲ್ಲ.